ಎರಡನೇ ಭಾಷೆಯಲ್ಲಿ ಬರೆಯುವ ಧೈರ್ಯ: ಸಹಪಾಠಿಯ ಕಾಮೆಂಟ್ ಏನು ಮಾಡುತ್ತದೆ?

ಹೊಸ ಭಾಷೆ ಕಲಿಸುವ ತರಗತಿಗಳಲ್ಲಿ ಈಗ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಬರೆದಿದ್ದನ್ನು ಪಕ್ಕದವರಿಗೆ ಕೊಡಿ, ಅವರದ್ದನ್ನು ನೀವು ತಗೊಳ್ಳಿ, ಓದಿ ಕಾಮೆಂಟ್ ಬರೆಯಿರಿ." ಕಾಲೇಜಿನ ಕ್ಲಾಸಾಗಲಿ, ಆನ್‌ಲೈನ್ ಕೋರ್ಸಾಗಲಿ, ಕೆಲಸಕ್ಕೆ ಬೇಕೆಂದು ಭಾಷೆ ಕಲಿಯುವವರ ಬ್ಯಾಚಾಗಲಿ, ಈ ಸೂಚನೆ ಬಂದಾಗ ಎಲ್ಲರ ಮನಸ್ಸಿನಲ್ಲೂ ಒಂದೇ ಪ್ರಶ್ನೆ ಏಳುತ್ತದೆ. ನನ್ನಷ್ಟೇ ಭಾಷೆ ಬರುವವರು ನನ್ನ ತಪ್ಪನ್ನು ಹೇಗೆ ತಿದ್ದುತ್ತಾರೆ? ಅದೂ ಅಲ್ಲದೆ, ವ್ಯಾಕರಣ ಸರಿಮಾಡುವ ಸಾಫ್ಟ್‌ವೇರ್ ಈಗ ಫೋನಿನಲ್ಲೇ ಇದೆ. ಹಾಗಿದ್ದ ಮೇಲೆ ಈ ಸುತ್ತು ದಾರಿ ಯಾಕೆ?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರಲ್ಲಿ ಒಂದು ಊಹೆ ಅಡಗಿದೆ. ಬರಹ ಅಂದರೆ ತಪ್ಪಿಲ್ಲದಿರುವುದು, ಫೀಡ್‌ಬ್ಯಾಕ್ ಅಂದರೆ ತಪ್ಪು ತಿದ್ದುವುದು ಎಂಬ ಊಹೆ. ಅದನ್ನು ಸ್ವಲ್ಪ ಬದಿಗಿಟ್ಟು ನೋಡಿದರೆ, ಸಹಪಾಠಿಗಳ ಫೀಡ್‌ಬ್ಯಾಕ್ ಬರೆಯುವವರ ಆತ್ಮವಿಶ್ವಾಸದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಕಾಣತೊಡಗುತ್ತದೆ.

## ಮೊದಲು ಪದಗಳು

ಎರಡನೇ ಭಾಷೆ ಅಂದರೆ ಇಲ್ಲಿ ಎಣಿಕೆಯಲ್ಲಿ ಎರಡನೆಯದು ಎಂದೇನೂ ಅಲ್ಲ. ಮನೆಯಲ್ಲಿ ಆಡುತ್ತಾ ಬೆಳೆದ ಭಾಷೆಯ ನಂತರ ಕಲಿತ ಯಾವ ಭಾಷೆಯಾದರೂ ಸರಿ. ಅದು ಮೂರನೆಯದೂ ಇರಬಹುದು, ನಾಲ್ಕನೆಯದೂ ಇರಬಹುದು.

ಪೀರ್ ಫೀಡ್‌ಬ್ಯಾಕ್ ಅಂದರೆ ಜೊತೆಯಲ್ಲಿ ಕಲಿಯುವವರು ಒಬ್ಬರ ಬರಹವನ್ನು ಇನ್ನೊಬ್ಬರು ಓದಿ, ಏನು ಅರ್ಥವಾಯಿತು, ಎಲ್ಲಿ ತೊಡಕಾಯಿತು, ಎಲ್ಲಿ ಇನ್ನೂ ಬೇಕು ಎಂದು ಹೇಳುವುದು. ಇದು ಅಂಕ ಹಾಕುವ ಕೆಲಸವಲ್ಲ. ಸಾಮಾನ್ಯವಾಗಿ ಇದು ನಡೆಯುವುದು ಮೊದಲ ಕರಡಿನ ಹಂತದಲ್ಲಿ. ಬರೆದವರು ಕಾಮೆಂಟ್ ನೋಡಿ ಮತ್ತೆ ಬರೆಯುತ್ತಾರೆ. ಆಮೇಲೆ ಶಿಕ್ಷಕರ ಕೈಗೆ ಹೋಗುತ್ತದೆ. ತಿದ್ದಿ ಬರೆಯಲು ಅವಕಾಶವೇ ಇಲ್ಲದಿದ್ದರೆ, ಕೊನೆಯ ಪ್ರತಿಯ ಮೇಲೆ ಎಷ್ಟು ಕಾಮೆಂಟ್ ಹಾಕಿದರೂ ಪ್ರಯೋಜನ ಕಡಿಮೆ.

## ಬರೆಯುವಾಗ ಭಯ ಯಾಕೆ ಜಾಸ್ತಿ?

ಮಾತಿನಲ್ಲಿ ತಪ್ಪಾದರೆ ಅದು ಗಾಳಿಯಲ್ಲಿ ಹೋಗಿಬಿಡುತ್ತದೆ. ಎದುರಿಗಿರುವವರ ಮುಖ ನೋಡಿ ನಾವು ಮಾತು ಬದಲಿಸಬಹುದು, ಕೈಸನ್ನೆ ಮಾಡಬಹುದು. ಬರಹದಲ್ಲಿ ಅದು ಯಾವುದೂ ಇಲ್ಲ. ಬರೆದದ್ದು ಹಾಗೇ ಉಳಿಯುತ್ತದೆ. ಯಾರು ಬೇಕಾದರೂ ಮತ್ತೆ ಮತ್ತೆ ಓದಬಹುದು.

ಕಲಿತ ಭಾಷೆಯಲ್ಲಿ ಬರೆಯುವವರ ತಲೆಯ ಮೇಲೆ ಇನ್ನೊಂದು ಭಾರವೂ ಇರುತ್ತದೆ. ಹೇಳಬೇಕಾದ ವಿಷಯವನ್ನು ಹಿಡಿದಿಟ್ಟುಕೊಂಡೇ ಪದ ಹುಡುಕಬೇಕು, ಪ್ರತ್ಯಯ ಸರಿಯಾ ನೋಡಬೇಕು, ಕಾಗುಣಿತ ನೆನಪಿಸಿಕೊಳ್ಳಬೇಕು. ಇಷ್ಟರಲ್ಲಿ ವಿಷಯವೇ ಕೈತಪ್ಪಿ ಹೋಗುತ್ತದೆ. ವಾಕ್ಯದ ಆರಂಭದಲ್ಲಿ ಏನು ಹೇಳಹೊರಟಿದ್ದೆ ಎಂಬುದೇ ಕೊನೆಗೆ ಮರೆತುಹೋದ ಅನುಭವ ಇಂಥವರೆಲ್ಲರಿಗೂ ಇದ್ದೇ ಇರುತ್ತದೆ.

ಬರೆಯುವ ಭಯವನ್ನು ಅಳೆಯುವ ಪ್ರಯತ್ನ ಹೊಸದಲ್ಲ. ಜಾನ್ ಡೇಲಿ ಮತ್ತು ಮೈಕೆಲ್ ಮಿಲ್ಲರ್ 1975ರಲ್ಲೇ ಅದಕ್ಕೊಂದು ಪ್ರಶ್ನಾವಳಿ ಮಾಡಿದ್ದರು. ಎರಡನೇ ಭಾಷೆಯಲ್ಲಿ ಬರೆಯುವವರಿಗೆಂದೇ ತೈವಾನಿನ ಸಂಶೋಧಕರಾದ ಚೆಂಗ್ 2004ರಲ್ಲಿ 22 ಹೇಳಿಕೆಗಳ ಇನ್ನೊಂದು ಅಳತೆಗೋಲು ರೂಪಿಸಿದರು. ಅದು ಈ ಭಯದ ಮೂರು ಮುಖಗಳನ್ನು ತೋರಿಸುತ್ತದೆ. ಒಂದು ಮೈಯಲ್ಲಿ ಕಾಣುವುದು: ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು. ಎರಡನೆಯದು ಮನಸ್ಸಿನದು: ಓದಿದವರು ಏನಂದುಕೊಳ್ಳುತ್ತಾರೋ ಎಂಬ ಚಿಂತೆ. ಮೂರನೆಯದು ತಪ್ಪಿಸಿಕೊಳ್ಳುವುದು.

ಈ ಮೂರನೆಯದೇ ಹೆಚ್ಚು ದುಬಾರಿ, ಯಾಕೆಂದರೆ ಅದು ಹೊರಗಿನಿಂದ ಕಾಣುವುದಿಲ್ಲ. ಬರೆಯುವುದನ್ನೇ ಬಿಟ್ಟವರು ಎದ್ದು ಕಾಣುತ್ತಾರೆ. ಆದರೆ ಬರೆಯುತ್ತಲೇ ತಪ್ಪಿಸಿಕೊಳ್ಳುವವರೂ ಇದ್ದಾರೆ. ಖಚಿತವಾಗಿ ಗೊತ್ತಿರುವ ನಾಲ್ಕು ಪದಗಳಲ್ಲೇ ಬರೆಯುತ್ತಾರೆ. ಉದ್ದ ವಾಕ್ಯದ ಗೋಜಿಗೇ ಹೋಗುವುದಿಲ್ಲ. ಹೇಳಬೇಕೆನಿಸಿದ್ದನ್ನು ಬಿಟ್ಟು, ಹೇಳಲು ಸುಲಭವಾದದ್ದನ್ನು ಹೇಳಿ ಮುಗಿಸುತ್ತಾರೆ. ಪುಟದಲ್ಲಿ ತಪ್ಪು ಇರುವುದಿಲ್ಲ. ಓದಿದ ಶಿಕ್ಷಕರು "ಚೆನ್ನಾಗಿದೆ" ಎಂದು ಮುಂದೆ ಹೋಗುತ್ತಾರೆ. ಕಲಿಕೆ ಮಾತ್ರ ಅಲ್ಲೇ ನಿಂತಿರುತ್ತದೆ.

## ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ?

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಒಂದು ವಿಚಾರ ಮುಂದಿಟ್ಟರು. ಒಂದು ಕೆಲಸವನ್ನು ಮಾಡಬಲ್ಲೆ ಎಂಬ ನಂಬಿಕೆಯೇ ಮನುಷ್ಯ ಅದಕ್ಕೆ ಕೈಹಾಕುತ್ತಾನಾ, ಕಷ್ಟ ಬಂದಾಗ ಅದನ್ನು ಬಿಡುತ್ತಾನಾ ಎಂಬುದನ್ನು ಬಹಳ ಮಟ್ಟಿಗೆ ತೀರ್ಮಾನಿಸುತ್ತದೆ ಎಂದು. ಈ ನಂಬಿಕೆ ಕೆಲಸದಿಂದ ಕೆಲಸಕ್ಕೆ ಬೇರೆಯಾಗಿರುತ್ತದೆ. ಹೊಸ ಭಾಷೆಯಲ್ಲಿ ಸಲೀಸಾಗಿ ಮೆಸೇಜ್ ಕಳಿಸುವವರು ಒಂದು ಪುಟದ ಪ್ರಬಂಧ ಅಂದಕೂಡಲೇ ಹಿಂದೆ ಸರಿಯಬಹುದು. ಹಾಗಾಗಿ ಒಬ್ಬರಿಗೆ ಆತ್ಮವಿಶ್ವಾಸ ಇದೆ ಅಥವಾ ಇಲ್ಲ ಎಂದು ಸಾರಾಸಗಟಾಗಿ ಹೇಳುವುದು ಸರಿಯಲ್ಲ.

ಬಂಡೂರಾ ಈ ನಂಬಿಕೆಯ ನಾಲ್ಕು ಮೂಲಗಳನ್ನು ಹೇಳಿದರು. ಎಲ್ಲಕ್ಕಿಂತ ಗಟ್ಟಿಯಾದದ್ದು ಸ್ವಂತ ಅನುಭವ, ಅಂದರೆ ಕಷ್ಟದ ಕೆಲಸವನ್ನು ಮಾಡಿ ಮುಗಿಸಿದ್ದೇನೆ ಎಂಬ ಪುರಾವೆ. ನಂತರದ್ದು ನಮ್ಮಂಥವರೇ ಮಾಡುವುದನ್ನು ನೋಡುವುದು. ಮೂರನೆಯದು ಬೇರೆಯವರ ಉತ್ತೇಜನದ ಮಾತು. ನಾಲ್ಕನೆಯದು ಆ ಹೊತ್ತಿನ ಮೈಮನಸ್ಸಿನ ಸ್ಥಿತಿ.

ಎರಡನೆಯದರಲ್ಲಿ "ನಮ್ಮಂಥವರೇ" ಎಂಬುದನ್ನು ಗಮನಿಸಬೇಕು. ಶಿಕ್ಷಕರು ಬರೆದು ತೋರಿಸಿದ ಮಾದರಿ ಎಷ್ಟು ಚೆನ್ನಾಗಿದ್ದರೂ, ಕಲಿಯುವವರಿಗೆ ಅದು "ಅವರಿಗೆ ಬರುತ್ತೆ ಬಿಡಿ" ಎನಿಸುವುದೇ ಜಾಸ್ತಿ. ತನ್ನ ಜೊತೆಗೇ ಕಲಿಯಲು ಶುರುಮಾಡಿದ ಒಬ್ಬರು ಒಂದು ಕಷ್ಟದ ವಾಕ್ಯವನ್ನು ಗೆದ್ದಿರುವುದನ್ನು ಕಂಡರೆ ಅನಿಸುವುದೇ ಬೇರೆ. ಅವರ ಕರಡಿನಲ್ಲಿ ಹೊಡೆದುಹಾಕಿದ ಪದಗಳೂ ಕಾಣುತ್ತವೆ. ಒದ್ದಾಟ ತನಗೊಬ್ಬರಿಗೇ ಅಲ್ಲ ಎಂದು ಗೊತ್ತಾಗುತ್ತದೆ.

ಸುಮ್ನೆ ಹೊಗಳಿದರೆ ಧೈರ್ಯ ಬರುತ್ತದೆ ಎಂಬ ನಂಬಿಕೆ ಯಾಕೆ ಕೈಕೊಡುತ್ತದೆ ಎಂಬುದೂ ಇಲ್ಲಿ ಸ್ಪಷ್ಟವಾಗುತ್ತದೆ. ಹೊಗಳಿಕೆ ಮೂರನೆಯ ಮೂಲಕ್ಕೆ ಸೇರಿದ್ದು. ಮುಂದಿನ ಕಷ್ಟದ ವಾಕ್ಯ ಎದುರಾದಾಗ ಅದು ಕರಗಿಹೋಗುತ್ತದೆ. ಕೈಯಲ್ಲಿ ಪುರಾವೆ ಇದ್ದರೆ ಮಾತ್ರ ನಿಲ್ಲುತ್ತದೆ.

## ಬರೆದವರಿಗೆ ಕಾಣದ್ದು, ಓದುವವರಿಗೆ ಕಂಡದ್ದು

ನಮ್ಮ ಮನೆಯಲ್ಲಿ ಕರೆಂಟ್ ಹೋದರೂ ನಾವು ಎಡವದೆ ನಡೆಯುತ್ತೇವೆ. ಯಾವ ವಸ್ತು ಎಲ್ಲಿದೆ ಎಂಬುದು ನಮಗೆ ಗೊತ್ತು. ಎಡವುವುದು ಹೊಸಬರು. ಬರಹವೂ ಹಾಗೇ. ಬರೆದವರ ತಲೆಯಲ್ಲಿ ಪೂರ್ತಿ ಕತೆ ಇರುತ್ತದೆ, ಹಾಗಾಗಿ ಪುಟದಲ್ಲಿ ಬಿಟ್ಟುಹೋದದ್ದು ಅವರಿಗೆ ಕಾಣುವುದಿಲ್ಲ.

ಕನ್ನಡವನ್ನು ಹೊಸದಾಗಿ ಕಲಿಯುತ್ತಿರುವ ಒಬ್ಬರು ಹೀಗೆ ಬರೆದರು ಎಂದುಕೊಳ್ಳಿ:

"ನಾನು ಚಿಕ್ಕವಯಸ್ಸಿನಲ್ಲಿ ನೀರು ಅಂದರೆ ಭಯ. ಅಣ್ಣ ಈಜು ಕಲಿಸಿದರು. ಮೊದಲ ದಿನ ಅವನು ಕೈ ಬಿಟ್ಟ. ಆಮೇಲೆ ನನಗೆ ನೀರು ಇಷ್ಟ."

ವ್ಯಾಕರಣ ತಿದ್ದುವ ಕಣ್ಣಿಗೆ ಇಲ್ಲಿ ಕಾಣುವುದು ಎರಡು. "ನಾನು" ಎಂದಿರುವ ಕಡೆ "ನನಗೆ" ಬೇಕು. ಅಣ್ಣನಿಗೆ ಒಮ್ಮೆ ಬಹುವಚನ, ಒಮ್ಮೆ ಏಕವಚನ ಆಗಿದೆ. ಅವನ್ನು ಸರಿಮಾಡಿ ಕೊಟ್ಟರೆ ನಾಲ್ಕು ವಾಕ್ಯ ತಪ್ಪಿಲ್ಲದೆ ನಿಲ್ಲುತ್ತವೆ. ಬರಹ ಮಾತ್ರ ಅಷ್ಟೇ ಬಡವಾಗಿರುತ್ತದೆ.

ಪಕ್ಕದಲ್ಲಿ ಕೂತ ಸಹಪಾಠಿ ಹೀಗೆ ಬರೆಯುತ್ತಾರೆ: "ಅಣ್ಣ ಕೈ ಬಿಟ್ಟ ಮೇಲೆ ಏನಾಯಿತು? ನೀವು ಮುಳುಗಿದಿರಾ? ಅಲ್ಲಿಂದ ಇಷ್ಟ ಆಗಿದ್ದು ಹೇಗೆ ಎಂದು ನನಗೆ ಗೊತ್ತಾಗಲಿಲ್ಲ."

ಈ ಪ್ರಶ್ನೆ ಕೇಳಲು ವ್ಯಾಕರಣದ ಪಾಂಡಿತ್ಯ ಬೇಕಿಲ್ಲ. ಕುತೂಹಲ ಇದ್ದರೆ ಸಾಕು. ಮುಂದಿನ ಕರಡಿನಲ್ಲಿ ಬರೆದವರು ಇದನ್ನು ಸೇರಿಸುತ್ತಾರೆ: "ನಾನು ನೀರು ಕುಡಿದೆ. ಕಣ್ಣು ಉರಿಯಿತು. ಆದರೆ ಕಾಲು ನೆಲಕ್ಕೆ ತಾಗಿತು. ಅಲ್ಲಿ ಆಳ ಇಲ್ಲ. ನಾನು ನಿಂತು ನಗಿದೆ."

"ನಕ್ಕೆ" ಎನ್ನುವ ಕಡೆ "ನಗಿದೆ" ಬಂದಿದೆ. ಹೊಸ ತಪ್ಪು ನಿಜ. ಆದರೆ ಬರೆದವರು ಈ ಮೊದಲು ಇಂಥ ದೃಶ್ಯವನ್ನು ಈ ಭಾಷೆಯಲ್ಲಿ ಬರೆದಿರಲಿಲ್ಲ. ಈಗ ಬರೆದಿದ್ದಾರೆ, ಓದಿದವರಿಗೆ ಅದು ಅರ್ಥವೂ ಆಗಿದೆ. ಬಂಡೂರಾ ಹೇಳಿದ ಸ್ವಂತ ಅನುಭವದ ಪುರಾವೆ ಅಂದರೆ ಇದೇ. "ಏನಾಯಿತು?" ಎಂದು ಯಾರೋ ಕೇಳಿದ್ದರಿಂದಲೇ ಇನ್ನೂ ಒಂದು ವಿಷಯ ತಿಳಿಯುತ್ತದೆ: ನಾನು ಬರೆದದ್ದನ್ನು ತಿಳಿಯುವ ಆಸೆ ಓದುವವರಿಗೆ ಇದೆ. ಅಂಕ ಹಾಕಲೆಂದೇ ಓದುವವರಿಂದ ಈ ಭಾವನೆ ಸಿಗುವುದು ಕಷ್ಟ.

## ಕಾಮೆಂಟ್ ಬರೆದವರಿಗೇ ಲಾಭ ಜಾಸ್ತಿ

ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯ ಎನಿಸುವ ಸಂಗತಿ ಇದು. ಫೀಡ್‌ಬ್ಯಾಕ್ ಅಂದಕೂಡಲೇ ನಾವು ಪಡೆದವರ ಬಗ್ಗೆ ಯೋಚಿಸುತ್ತೇವೆ. ಕೊಟ್ಟವರಿಗೆ ಏನಾಗುತ್ತದೆ?

ಕ್ರಿಸ್ಟಿ ಲಂಡ್‌ಸ್ಟ್ರಾಮ್ ಮತ್ತು ವೆಂಡಿ ಬೇಕರ್ 2009ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುತ್ತಿದ್ದ 9 ತರಗತಿಗಳ 91 ವಿದ್ಯಾರ್ಥಿಗಳು ಅದರಲ್ಲಿದ್ದರು. ಒಂದು ಗುಂಪು ಬರಹಗಳನ್ನು ಓದಿ ಕಾಮೆಂಟ್ ಕೊಡುವುದನ್ನಷ್ಟೇ ಮಾಡಿತು. ಇನ್ನೊಂದು ಗುಂಪು ಬಂದ ಕಾಮೆಂಟ್‌ಗಳನ್ನು ಬಳಸಿ ಬರಹ ತಿದ್ದುವುದನ್ನಷ್ಟೇ ಅಭ್ಯಾಸ ಮಾಡಿತು. ಕೊನೆಗೆ ಎರಡೂ ಗುಂಪಿನವರ ಸ್ವಂತ ಬರಹವನ್ನು ಹೋಲಿಸಿ ನೋಡಿದಾಗ, ಕಾಮೆಂಟ್ ಕೊಟ್ಟವರೇ ಹೆಚ್ಚು ಮುಂದೆ ಹೋಗಿದ್ದರು. ಅದರಲ್ಲೂ ಭಾಷೆಯಲ್ಲಿ ಇನ್ನೂ ಕೆಳಗಿನ ಹಂತದಲ್ಲಿದ್ದವರಿಗೆ ಈ ಲಾಭ ಹೆಚ್ಚಾಗಿತ್ತು.

ಅಂದರೆ "ನನಗೇ ಸರಿಯಾಗಿ ಬರೋದಿಲ್ಲ, ನಾನೇನು ಕಾಮೆಂಟ್ ಕೊಡಲಿ" ಎಂದು ಹಿಂಜರಿಯುವವರಿಗೇ ಕಾಮೆಂಟ್ ಕೊಡುವ ಕೆಲಸದಿಂದ ಜಾಸ್ತಿ ಪ್ರಯೋಜನ.

ಇದರ ಹಿಂದಿನ ಕಾರಣವನ್ನು ಹೀಗೆ ನೋಡಬಹುದು. ಸ್ವಂತ ಬರಹ ಓದುವಾಗ ಕಣ್ಣು ಪುಟದ ಮೇಲೆ ಇದ್ದರೂ ಮನಸ್ಸು ತಲೆಯಲ್ಲಿರುವುದನ್ನೇ ಓದುತ್ತಿರುತ್ತದೆ. ಬೇರೆಯವರ ಬರಹದಲ್ಲಿ ಆ ಸೌಕರ್ಯ ಇಲ್ಲ. ಅಲ್ಲಿ ಪುಟದಲ್ಲಿ ಇರುವುದಷ್ಟೇ ಸಿಗುತ್ತದೆ. "ಇಲ್ಲಿ ಯಾಕೆ ನನಗೆ ಗೊಂದಲವಾಯಿತು?" ಎಂದು ಕೇಳಿಕೊಂಡು ಕಾರಣ ಹುಡುಕಬೇಕು, ಅದನ್ನು ಮಾತಿನಲ್ಲಿ ಹೇಳಬೇಕು. ಈ ವಾಕ್ಯ ಸರಿಯಾ ತಪ್ಪಾ ಎಂದು ತೀರ್ಮಾನಿಸಲು ಕಲಿತ ನಿಯಮವನ್ನು ನೆನಪಿನಿಂದ ಎಳೆದು ತರಬೇಕು. ಇದೇ ಕಣ್ಣು ಆಮೇಲೆ ಸ್ವಂತ ಕರಡಿನ ಮೇಲೂ ಬೀಳುತ್ತದೆ.

ಆತ್ಮವಿಶ್ವಾಸಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಕಲಿಯುವವರು ಸದಾ ತಿದ್ದಿಸಿಕೊಳ್ಳುವ ಜಾಗದಲ್ಲೇ ಇರುತ್ತಾರೆ. ಕಾಮೆಂಟ್ ಬರೆಯುವಾಗ ಮೊದಲ ಸಲ ಅವರ ಓದಿಗೆ ಬೆಲೆ ಸಿಗುತ್ತದೆ. ತಾನು ಹೇಳಿದ ಮಾತಿನಿಂದ ಇನ್ನೊಬ್ಬರ ಬರಹ ಬದಲಾಗಿ, ಚೆಂದವಾಗಿ ಬಂದದ್ದನ್ನು ಕಂಡವರಿಗೆ "ಈ ಭಾಷೆ ನನಗೂ ಸೇರಿದ್ದು" ಎನಿಸತೊಡಗುತ್ತದೆ.

## ಶಿಕ್ಷಕರ ಮಾತಿಗೇ ಬೆಲೆ ಜಾಸ್ತಿ ಅಲ್ವಾ?

ಹೌದು. ಕಲಿಯುವವರನ್ನೇ ಕೇಳಿದರೆ ಶಿಕ್ಷಕರ ಫೀಡ್‌ಬ್ಯಾಕೇ ಬೇಕು ಎನ್ನುತ್ತಾರೆ. 1995ರಲ್ಲಿ ಝಾಂಗ್ ಎಂಬ ಸಂಶೋಧಕರು ನಡೆಸಿದ ಸಮೀಕ್ಷೆಯಲ್ಲಿ ಬಹುಪಾಲು ವಿದ್ಯಾರ್ಥಿಗಳ ಉತ್ತರ ಅದೇ ಆಗಿತ್ತು. ಚೀನಾದ ಒಂದು ವಿಶ್ವವಿದ್ಯಾಲಯದಲ್ಲಿ ಯಾಂಗ್, ಬ್ಯಾಡ್ಜರ್ ಮತ್ತು ಯು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಶಿಕ್ಷಕರ ಸಲಹೆಗಳನ್ನು ವಿದ್ಯಾರ್ಥಿಗಳು ಹೆಚ್ಚು ಒಪ್ಪಿಕೊಂಡು ತಿದ್ದಿದ್ದರು. ಆದರೆ ಸಹಪಾಠಿಗಳ ಕಾಮೆಂಟ್ ಬಂದಾಗ ಅವರು ತಾವೇ ಯೋಚಿಸಿ ತೀರ್ಮಾನ ತೆಗೆದುಕೊಳ್ಳುವುದು ಹೆಚ್ಚಾಗಿ ಕಂಡಿತು.

ವ್ಯತ್ಯಾಸದ ಗುಟ್ಟು ಇಲ್ಲೇ ಇದೆ. ಶಿಕ್ಷಕರು "ಇದು ತಪ್ಪು" ಎಂದರೆ ನಾವು ತಿದ್ದಿ ಮುಂದೆ ಹೋಗುತ್ತೇವೆ. ಯಾಕೆ ಎಂದು ಕೇಳುವುದು ಕಡಿಮೆ. ಸಹಪಾಠಿ ಅದೇ ಮಾತು ಹೇಳಿದರೆ ಅನುಮಾನ ಬರುತ್ತದೆ. ಇವರು ಹೇಳಿದ್ದು ನಿಜವಾ? ನಿಘಂಟು ತೆಗೆದು ನೋಡುತ್ತೇವೆ, ಇನ್ನೊಬ್ಬರನ್ನು ಕೇಳುತ್ತೇವೆ, ಕೊನೆಗೆ ನಾವೇ ನಿರ್ಧರಿಸುತ್ತೇವೆ. ದೌರ್ಬಲ್ಯದಂತೆ ಕಾಣುವ ಆ ಅನುಮಾನವೇ ಕಲಿಕೆಗೆ ದಾರಿ ಮಾಡಿಕೊಡುತ್ತದೆ.

ಹಾಂಗ್‌ಕಾಂಗ್‌ನ ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಗಮನಿಸಿ ಏಮಿ ತ್ಸುಯಿ ಮತ್ತು ಮರಿಯಾ ಎನ್‌ಜಿ 2000ದಲ್ಲಿ ಬರೆದದ್ದೂ ಇದಕ್ಕೆ ಹೊಂದುತ್ತದೆ. ಅಲ್ಲಿಯೂ ಶಿಕ್ಷಕರ ಮಾತಿಗೇ ತೂಕ ಜಾಸ್ತಿ ಇತ್ತು. ಆದರೆ ಓದುವವರು ಯಾರು ಎಂಬ ಅರಿವು ಮತ್ತು ಈ ಬರಹ ನನ್ನದು ಎಂಬ ಭಾವ ಬೆಳೆದದ್ದು ಸಹಪಾಠಿಗಳ ಕಾಮೆಂಟ್‌ನಿಂದ. ಒಂದು ಇದ್ದರೆ ಇನ್ನೊಂದು ಬೇಡ ಎನ್ನುವಂಥ ಜಗಳ ಇಲ್ಲಿ ಇಲ್ಲ. ಎರಡಕ್ಕೂ ಬೇರೆ ಬೇರೆ ಕೆಲಸ ಇದೆ.

## ಧೈರ್ಯ ಕುಗ್ಗಿಸುವ ಫೀಡ್‌ಬ್ಯಾಕ್

ಫೀಡ್‌ಬ್ಯಾಕ್ ಯಾವಾಗಲೂ ಒಳ್ಳೆಯದೇ ಮಾಡುತ್ತದೆ ಎಂದು ನಂಬುವುದು ಅಪಾಯ. ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡೆನೀಸಿ 1996ರಲ್ಲಿ ಬೇರೆ ಬೇರೆ ಕ್ಷೇತ್ರಗಳಲ್ಲಿ ಫೀಡ್‌ಬ್ಯಾಕ್ ಬಗ್ಗೆ ನಡೆದ ಬಹಳಷ್ಟು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಟ್ಟಾರೆ ಸರಾಸರಿಯಲ್ಲಿ ಲಾಭವೇ ಕಂಡಿತು. ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಫೀಡ್‌ಬ್ಯಾಕ್ ಸಿಕ್ಕ ಮೇಲೆ ಕೆಲಸ ಇನ್ನೂ ಹದಗೆಟ್ಟಿತ್ತು. ಗಮನ ಮಾಡುವ ಕೆಲಸದಿಂದ ಮಾಡುವ ವ್ಯಕ್ತಿಯ ಕಡೆಗೆ ತಿರುಗಿದಷ್ಟೂ ಫೀಡ್‌ಬ್ಯಾಕಿನ ಗುಣ ಕಡಿಮೆಯಾಗುತ್ತದೆ ಎಂಬುದು ಅವರ ವಿವರಣೆ.

"ನಿಮಗೆ ವಿಭಕ್ತಿ ಪ್ರತ್ಯಯವೇ ಬರುವುದಿಲ್ಲ" ಎಂಬ ಮಾತು ವ್ಯಕ್ತಿಯ ಮೇಲೆ ಬೀಳುತ್ತದೆ. "ಮೊದಲ ವಾಕ್ಯದಲ್ಲಿ 'ನನಗೆ' ಬರಬೇಕಲ್ವಾ? ಭಯ ಆಗುವುದು ನನಗೆ ತಾನೆ" ಎಂಬ ಮಾತು ವಾಕ್ಯದ ಮೇಲೆ ನಿಲ್ಲುತ್ತದೆ. ಎರಡರಲ್ಲೂ ತಿದ್ದಿದ ತಪ್ಪು ಒಂದೇ.

ಪುಟದ ತುಂಬಾ ಗುರುತು ಹಾಕುವುದೂ ಇದೇ ರೀತಿ ಹಾನಿ ಮಾಡುತ್ತದೆ. ಇಪ್ಪತ್ತು ತಪ್ಪುಗಳಿಗೆ ಗುರುತು ಹಾಕಿ ಕೊಟ್ಟರೆ ಯಾವುದನ್ನು ಮೊದಲು ನೋಡಬೇಕು ಎಂಬುದೇ ತಿಳಿಯುವುದಿಲ್ಲ. ಇನ್ನೊಂದು ತುದಿಯಲ್ಲಿ "ಸೂಪರ್", "ಚೆನ್ನಾಗಿದೆ" ಎಂಬ ಕಾಮೆಂಟ್‌ಗಳಿವೆ. ಇವು ಬರುವುದು ಸೋಮಾರಿತನದಿಂದಲೇ ಎಂದೇನಿಲ್ಲ. ಜೋನ್ ಕಾರ್ಸನ್ ಮತ್ತು ಗೇಲ್ ನೆಲ್ಸನ್ 1996ರಲ್ಲಿ ಚೀನೀ ಮಾತೃಭಾಷೆಯ ವಿದ್ಯಾರ್ಥಿಗಳ ಗುಂಪುಗಳನ್ನು ಗಮನಿಸಿದಾಗ, ಗುಂಪಿನಲ್ಲಿ ಮನಸ್ತಾಪ ಬರಬಾರದೆಂದು ಅವರು ಟೀಕೆಯನ್ನು ನುಂಗಿಕೊಳ್ಳುತ್ತಿದ್ದುದು ಕಂಡಿತು. ಜೊತೆಯವರ ಮನಸ್ಸು ನೋಯಿಸಬಾರದು ಎಂಬ ಕಾಳಜಿ ಒಳ್ಳೆಯದೇ. ಆದರೆ ಬಾಯಿ ಮುಚ್ಚಿಕೊಂಡರೆ ಬರೆದವರ ಕೈಗೆ ಏನೂ ಸಿಗುವುದಿಲ್ಲ.

## ಒಳ್ಳೆಯ ಕಾಮೆಂಟನ್ನೂ ಕಲಿಯಬೇಕು

ಇದಕ್ಕೆ ಪರಿಹಾರ ತರಬೇತಿ. ತೈವಾನಿನ ಹುಯಿ-ತ್ಸು ಮಿನ್ ತಮ್ಮ ವಿದ್ಯಾರ್ಥಿಗಳಿಗೆ ನಾಲ್ಕು ಹೆಜ್ಜೆಯ ಒಂದು ಕ್ರಮ ಕಲಿಸಿ, 2005 ಮತ್ತು 2006ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಮೊದಲು ಬರೆದವರ ಉದ್ದೇಶ ಏನು ಎಂದು ಕೇಳಿ ಖಚಿತ ಮಾಡಿಕೊಳ್ಳುವುದು. ನಂತರ ತೊಡಕು ಎಲ್ಲಿದೆ ಎಂದು ತೋರಿಸುವುದು. ಅದು ಯಾಕೆ ತೊಡಕು ಎಂದು ವಿವರಿಸುವುದು. ಕೊನೆಗೆ ಒಂದು ಸಲಹೆ ಕೊಡುವುದು. ತರಬೇತಿಯ ನಂತರ ಕಾಮೆಂಟ್‌ಗಳು ನಿರ್ದಿಷ್ಟವಾದವು. ಬರೆದವರು ಅವನ್ನು ಮೊದಲಿಗಿಂತ ಹೆಚ್ಚಾಗಿ ಬಳಸಿಕೊಂಡರು.

ಈಜಿನ ಬರಹಕ್ಕೆ ಈ ಕ್ರಮದಲ್ಲಿ ಕಾಮೆಂಟ್ ಹೀಗಿರಬಹುದು: "ಭಯ ಹೋದ ಕತೆ ಹೇಳಬೇಕು ಎಂಬುದು ನಿಮ್ಮ ಉದ್ದೇಶ ತಾನೆ? ಮೂರನೇ ವಾಕ್ಯದಿಂದ ನಾಲ್ಕನೆಯದಕ್ಕೆ ಬರುವಾಗ ನನಗೆ ದಾರಿ ತಪ್ಪಿತು. ಭಯ ಹೋದ ಗಳಿಗೆಯೇ ಅಲ್ಲಿ ಇಲ್ಲ. ಕೈ ಬಿಟ್ಟ ಮೇಲೆ ಏನಾಯಿತು ಎಂದು ಎರಡು ವಾಕ್ಯ ಸೇರಿಸಿ ನೋಡಿ."

ಮೊದಲ ಹೆಜ್ಜೆಯನ್ನು ಬಹಳ ಜನ ಹಾರಿಬಿಡುತ್ತಾರೆ. ಉದ್ದೇಶ ಕೇಳದೆ ತಿದ್ದಲು ಹೊರಟರೆ, ಬರೆದವರ ಕತೆ ಹೋಗಿ ಓದಿದವರ ಕತೆ ಆಗಿಬಿಡುತ್ತದೆ. ಬರೆಯುವವರೇ ಕರಡಿನ ಮೇಲೆ ಒಂದು ಸಾಲು ಬರೆದುಕೊಟ್ಟರೆ ಇನ್ನೂ ಒಳ್ಳೆಯದು: "ಕೊನೆ ನನಗೇ ಸಮಾಧಾನ ಇಲ್ಲ, ಅದನ್ನು ನೋಡಿ." ಹೀಗೆ ಮಾಡಿದಾಗ ಫೀಡ್‌ಬ್ಯಾಕ್ ಕೇಳಿ ಪಡೆದದ್ದಾಗುತ್ತದೆ. ಕೇಳಿ ಪಡೆದದ್ದು ಅಷ್ಟಾಗಿ ಚುಚ್ಚುವುದಿಲ್ಲ.

ಮೊದಲ ಓದಿನಲ್ಲಿ ವಿಷಯವನ್ನಷ್ಟೇ ನೋಡುವುದು, ಭಾಷೆಯ ತಪ್ಪುಗಳಿಗೆ ಎರಡನೇ ಓದು ಇಟ್ಟುಕೊಳ್ಳುವುದು ಅನುಕೂಲ. ಹೇಗೂ ಬದಲಾಗುವ ವಾಕ್ಯದ ಕಾಗುಣಿತ ತಿದ್ದುವುದು ವ್ಯರ್ಥ. ಎರಡನೇ ಓದಿನಲ್ಲೂ ಮತ್ತೆ ಮತ್ತೆ ಬರುವ ಒಂದೆರಡು ಬಗೆಯ ತಪ್ಪು ಹಿಡಿದರೆ ಸಾಕು. ಖಚಿತವಿಲ್ಲದ ಕಡೆ ತಿದ್ದುವ ಬದಲು ಅಡಿಗೆರೆ ಎಳೆದು ಪ್ರಶ್ನಾರ್ಥಕ ಚಿಹ್ನೆ ಹಾಕಬಹುದು. ಸಹಪಾಠಿ ತಪ್ಪಾಗಿ ತಿದ್ದಿಬಿಟ್ಟರೆ ಎಂಬ ಭಯಕ್ಕೂ ಇದು ಉತ್ತರ. ಬಂದ ಕಾಮೆಂಟನ್ನು ಒಪ್ಪದಿರುವ ಹಕ್ಕು ಬರೆದವರಿಗೆ ಇರಲೇಬೇಕು, ಯಾಕೆ ಒಪ್ಪಲಿಲ್ಲ ಎಂದು ಒಂದು ಮಾತು ಹೇಳಿದರೆ ಆಯಿತು.

## ಸಾಫ್ಟ್‌ವೇರ್ ಇರುವಾಗಲೂ?

ಕಾಗುಣಿತ, ಪ್ರತ್ಯಯ, ಕ್ರಿಯಾಪದದ ರೂಪ ಇವನ್ನು ಯಂತ್ರಕ್ಕೆ ಬಿಡಬಹುದು. ಈಗಿನ ಕೃತಕ ಬುದ್ಧಿಮತ್ತೆಯ ಸಾಧನಗಳು ಪ್ರಶ್ನೆ ಕೇಳಬಲ್ಲವು, ಸಲಹೆಯನ್ನೂ ಕೊಡಬಲ್ಲವು. ತಪ್ಪು ಮಾಡಿ ನಾಚಿಕೆಪಡುವವರಿಗೆ ಅವುಗಳ ಮುಂದೆ ಅಭ್ಯಾಸ ಮಾಡುವುದು ಹಗುರ ಎನಿಸಬಹುದು. ಆದರೆ ಪೂರ್ತಿ ವಾಕ್ಯವನ್ನೇ ಬದಲಿಸಿ ಕೊಟ್ಟಾಗ, ಆ ಚೆಂದದ ವಾಕ್ಯ ಯಾರದ್ದು ಎಂಬ ಪ್ರಶ್ನೆ ಉಳಿಯುತ್ತದೆ. "ನಾನು ಮಾಡಿದೆ" ಎಂಬ ಪುರಾವೆ ಅಲ್ಲಿ ಸಿಗುವುದಿಲ್ಲ. ಇನ್ನೊಬ್ಬರ ಕರಡು ಓದಿ ಕಾಮೆಂಟ್ ಕೊಡುವುದರಿಂದ ಸಿಗುವ ಲಾಭವಂತೂ ಯಂತ್ರಕ್ಕೆ ಒಪ್ಪಿಸಿದರೆ ಪೂರ್ತಿ ಕೈತಪ್ಪುತ್ತದೆ.

## ಧೈರ್ಯ ಬೆಳೆದಿದೆ ಎಂದು ತಿಳಿಯುವುದು ಹೇಗೆ?

ತಪ್ಪುಗಳ ಎಣಿಕೆಯಿಂದ ಇದು ಗೊತ್ತಾಗುವುದಿಲ್ಲ. ಧೈರ್ಯ ಬಂದವರು ಕಷ್ಟದ ವಾಕ್ಯಗಳಿಗೆ ಕೈಹಾಕುತ್ತಾರೆ. ಹಾಗಾಗಿ ಕೆಲವು ಕಾಲ ತಪ್ಪುಗಳು ಹೆಚ್ಚಾಗಲೂಬಹುದು. "ನಗಿದೆ" ಎಂದು ಬರೆದವರನ್ನು ನೋಡಿದೆವಲ್ಲ, ಹಾಗೆ. ಇದನ್ನು ಹಿನ್ನಡೆ ಎಂದುಕೊಂಡು ಶಿಕ್ಷಕರು ಅಂಕ ಕಡಿಮೆ ಮಾಡಿದರೆ, ಕಲಿಯುವವರು ಮತ್ತೆ ನಾಲ್ಕು ಸುರಕ್ಷಿತ ಪದಗಳಿಗೆ ಮರಳುತ್ತಾರೆ.

ನೋಡಬೇಕಾದ ಗುರುತುಗಳು ಬೇರೆ ಇವೆ. ಮೊದಲ ಕರಡು ಉದ್ದವಾಗುತ್ತಿದೆಯೇ? ಮೊದಲ ಕರಡಿಗೂ ಎರಡನೆಯದಕ್ಕೂ ನಡುವೆ ಆದ ಬದಲಾವಣೆ ಬರೀ ಕಾಗುಣಿತದ್ದೇ, ಅಥವಾ ಹೊಸ ವಾಕ್ಯ, ಹೊಸ ವಿಷಯ ಬಂದಿದೆಯೇ? ಖಚಿತವಾಗಿ ಗೊತ್ತಿಲ್ಲದ ಪದವನ್ನೂ ಬಳಸಿ ನೋಡುತ್ತಿದ್ದಾರೆಯೇ? ಯಾರೂ ಹೇಳದೆ ತಾವಾಗಿಯೇ ಬರಹವನ್ನು ಇನ್ನೊಬ್ಬರಿಗೆ ಕೊಟ್ಟು ಓದಿ ಎನ್ನುತ್ತಿದ್ದಾರೆಯೇ? ಇದನ್ನು ತಿಳಿಯಲು ಹಳೆಯ ಕರಡುಗಳನ್ನು ಎಸೆಯದೆ, ತಾರೀಖು ಹಾಕಿ, ಬಂದ ಕಾಮೆಂಟ್‌ಗಳ ಸಮೇತ ಇಟ್ಟುಕೊಳ್ಳಬೇಕು. ಜೊತೆಗೆ ತಾವು ಬೇರೆಯವರಿಗೆ ಬರೆದುಕೊಟ್ಟ ಕಾಮೆಂಟ್‌ಗಳ ಪ್ರತಿಯನ್ನೂ ಇಟ್ಟುಕೊಂಡರೆ, ಕೆಲವು ತಿಂಗಳಾದ ಮೇಲೆ "ಚೆನ್ನಾಗಿದೆ" ಎಂಬಲ್ಲಿಂದ ತಮ್ಮ ಓದು ಎಷ್ಟು ದೂರ ಬಂದಿದೆ ಎಂಬುದನ್ನು ಅವರೇ ನೋಡಬಹುದು.